ಮುಂದಿನ ಆರು ತಿಂಗಳು ಇದೇ ವಿಳಾಸದಲ್ಲಿ

ಮೊದಲ ಸಲ ನಾನು ನಿಜವನ್ನೇ ಒತ್ತಿದ್ದೆ. ವೈವಾಹಿಕ ಸ್ಥಿತಿ: ವಿಧವೆ. ಫೋನಿನ ಪರದೆಯ ಮೇಲೆ ಚಕ್ರವೊಂದು ತಿರುಗಿತು. 'ಕ್ಷಮಿಸಿ, ಈ ಸಮೀಕ್ಷೆಗೆ ನೀವು ಹೊಂದುವುದಿಲ್ಲ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಬಂತು. ಅದು ನೆಲ ಒರೆಸುವ ದ್ರಾವಣದ ಬಗೆಗಿನ ಸಮೀಕ್ಷೆ. ಅಂದು ಬೆಳಿಗ್ಗೆಯಷ್ಟೇ ನಾನು ನೆಲ ಒರೆಸಿದ್ದೆ.

ಎರಡನೆಯದು ಪಾತ್ರೆ ತೊಳೆಯುವ ಸೋಪಿನದು. ಅದೂ ಅಲ್ಲಿಗೇ ಮುಚ್ಚಿಕೊಂಡಿತು. ಮೂರನೆಯದರಲ್ಲಿ 'ವಿವಾಹಿತೆ' ಎಂದು ಒತ್ತಿದೆ. ತೆರೆದುಕೊಂಡಿತು. ನಿಂಬೆಯ ಪರಿಮಳ ಇಷ್ಟವೋ ಮಲ್ಲಿಗೆಯದೋ, ನೊರೆ ಹೆಚ್ಚು ಬಂದರೆ ಕೊಳೆ ಹೆಚ್ಚು ಹೋಗುತ್ತದೆ ಎಂಬ ಮಾತಿಗೆ ನಿಮ್ಮ ಒಪ್ಪಿಗೆ ಎಷ್ಟು, ಮನೆಗೆ ಯಾವ ಬಾಟ್ಲಿ ತರಬೇಕೆಂದು ತೀರ್ಮಾನಿಸುವವರು ಯಾರು. ಕೂತು ಎಲ್ಲಕ್ಕೂ ಉತ್ತರಿಸಿದೆ. ಕೊನೆಯಲ್ಲಿ ಒಂದಷ್ಟು ಪಾಯಿಂಟುಗಳು ಸೇರಿದವು. ಅವು ಕೂಡಿದರೆ ಫೋನಿಗೆ ರೀಚಾರ್ಜು ಆಗುತ್ತದೆ.

ನಾನು ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಉತ್ತರ ಕೊಟ್ಟವನೊಬ್ಬ ಒಂದು ಕಡೆ ಸುಳ್ಳು ಹೇಳಿದ್ದು ಗೊತ್ತಾದರೆ ಅವನ ಎಲ್ಲ ಉತ್ತರಗಳನ್ನೂ ಬದಿಗಿಡಬೇಕು ಎಂದು ಮದುವೆಗೆ ಮೊದಲು ನಿಟ್ಟೆಯ ಹಾಸ್ಟೆಲ್ ಹುಡುಗರಿಗೆ ಟ್ಯೂಷನ್ನಿನಲ್ಲಿ ಹೇಳಿಕೊಡುತ್ತಿದ್ದೆ. ಈಗ ಗೊತ್ತಿದ್ದೇ ಅವರ ಸಮೀಕ್ಷೆ ಕೆಡಿಸಿದೆ. ಮೊದಲು ಕೆಡಿಸಿದ್ದು ಅವರೇ.

ರೀಚಾರ್ಜಿನ ಆಸೆಗೆ ಮಾತ್ರ ಅಲ್ಲ. ಕೀರ್ತನ್ ತೀರಿಕೊಂಡ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ದುಬೈಯಲ್ಲಿ ಅವನು ದೊಡ್ಡದೊಂದು ಕಟ್ಟಡದ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಒಂದು ಬೆಳಿಗ್ಗೆ ತನ್ನ ರೂಮಿನಲ್ಲಿ ಎದ್ದಿರಲಿಲ್ಲ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಸರಕು ಬರುವ ಬದಿಯಿಂದ ಅವನನ್ನು ತಂದರು. ಆಮೇಲೆ ನಾನು ಎಲ್ಲಿ ಕೂರಬೇಕು, ಯಾವ ಸೀರೆ ಉಡಬೇಕು, ಎಂದಿನಿಂದ ಮೀನು ತಿನ್ನಬಹುದು, ಎಲ್ಲವೂ ನನ್ನ ತಲೆಯ ಮೇಲಿಂದಲೇ ತೀರ್ಮಾನವಾದವು. ನಾನು ಬೇಡವೆನ್ನಲಿಲ್ಲ. ಬೇಡವೆನ್ನುವಷ್ಟು ಯಾವುದೂ ನನ್ನೊಳಗೆ ಇಳಿಯುತ್ತಿರಲಿಲ್ಲ. ಆದರೆ ಫೋನು ಕೇಳುತ್ತಿತ್ತು: ಒಂದರಿಂದ ಐದರೊಳಗೆ ಹೇಳಿ, ನಿಮಗೆ ಎಷ್ಟು ಒಪ್ಪಿಗೆ?

ಒಂದು ಸಮೀಕ್ಷೆಯ ಕೊನೆಯಲ್ಲಿ 'ನಮ್ಮ ಹೊಸ ಬಾತ್‌ರೂಮ್ ಕ್ಲೀನರನ್ನು ಮನೆಯಲ್ಲಿ ಬಳಸಿ ನೋಡುತ್ತೀರಾ?' ಎಂದಿತ್ತು. ಹೌದು ಎಂದೆ. ಮರುವಾರ ಮೆಲಿಷಾ ಎಂಬವಳು ಫೋನ್ ಮಾಡಿದಳು. ಕಲ್ಯಾಣಪುರದವಳು. ಇಂಥ ಕಂಪನಿಗಳಿಗೆ ಬೇಕಾದ ಹೆಂಗಸರನ್ನು ಹುಡುಕಿಕೊಡುವುದು ಅವಳ ಕೆಲಸ. ಉಡುಪಿಯ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಬರಹೇಳಿದಳು. ನಾನು ಹೋಗುವಾಗ ಅವಳ ಮುಂದೆ ಬನ್ಸ್ ಬಂದಾಗಿತ್ತು.

"ಗಂಡ ದುಬೈಯಲ್ಲಿ ಅಂತ ಹಾಕಿದ್ದೀರಿ. ಬರುವುದು ಯಾವಾಗ?"

"ತೀರಿಕೊಂಡರು."

ಮೆಲಿಷಾ ಬನ್ಸ್ ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಸಾರಿ ಮೇಡಂ. ಆದರೆ ಅದನ್ನು ಅವರಿಗೆ ಹೇಳಬೇಡಿ. ಅವರಿಗೆ ಮದುವೆಯಾದವರೇ ಬೇಕು. ಅತ್ತೆ ಜೊತೆಗಿರಬೇಕು, ಬಾತ್‌ರೂಮಿಗೆ ಬಿಳಿ ಟೈಲ್ಸ್ ಇರಬೇಕು. ಒಬ್ಬರು ಕಮ್ಮಿ ನನಗೆ. ಕೆಮ್ಮಣ್ಣಲ್ಲಿ ಒಬ್ಬಳು ಸಿಕ್ಕಿದಳು, ಎಲ್ಲ ಸರಿ ಉಂಟು, ಆದರೆ ಅವಳ ಅತ್ತೆ ಕ್ಯಾಮೆರಾದ ಎದುರು ಸೊಸೆಯ ದೂರು ಹೇಳ್ಲಿಕ್ಕೆ ಶುರು ಮಾಡಿದರು. ಕಂಪನಿಯವರು ಕಟ್ ಮಾಡಿದರು."

"ಸುಳ್ಳು ಹೇಳಬೇಕಾ?"

"ಸುಳ್ಳು ಎಂತಕ್ಕೆ? ಮೊದಲಿನದ್ದನ್ನೇ ಹೇಳಿ. ಬೇರೆ ಊರಲ್ಲಾದರೆ ಇಲ್ಲದ ಗಂಡನನ್ನು ಎಲ್ಲಿ ಇಡುವುದು ಎಂಬ ತಲೆಬಿಸಿ. ನಮ್ಮಲ್ಲಿ ದುಬೈ ಉಂಟಲ್ಲ ಮಾರಾಯ್ರೆ. ದುಬೈ ಅಂದರೆ ಉಡುಪಿಯಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ."

ಅದು ಹೌದು. ಗ್ಯಾಸಿನವನಿಗೆ, ಬ್ಯಾಂಕಿನವರಿಗೆ, ಮದುವೆಮನೆಯಲ್ಲಿ ಪಕ್ಕದ ಕುರ್ಚಿಯವರಿಗೆ, ಮದುವೆಯಾದಂದಿನಿಂದ ನಾನು ಕೊಟ್ಟ ಉತ್ತರ ಅದೊಂದೇ. ಅವನು ಇಲ್ಲದ ಮನೆ ನನಗೆ ಹೊಸತಲ್ಲ. ಅದೇ ಮಾತನ್ನು ಈಗ ಹೇಳಿದರೂ ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮೆಲಿಷಾ ಚೀಲದಿಂದ ಎರಡು ಬಿಳಿ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ಹೆಸರಿಲ್ಲ, ಚಿತ್ರವಿಲ್ಲ. ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ. ಒಂದೊಂದನ್ನು ಒಂದೊಂದು ವಾರ ಬಳಸಬೇಕು. ಆಮೇಲೆ ಆದಿತ್ಯವಾರ ಬೆಂಗಳೂರಿನಿಂದ ಒಬ್ಬರು ವೀಡಿಯೊದಲ್ಲಿ ಮಾತಾಡುತ್ತಾರೆ, ಬಾತ್‌ರೂಮು ನೋಡುತ್ತಾರೆ. ಅವರಿಗೆ ಸರಿ ಕಂಡರೆ ಪ್ಯಾನೆಲ್ಲಿಗೆ ಸೇರಿಸಿಕೊಳ್ಳುತ್ತಾರೆ. ತಿಂಗಳು ತಿಂಗಳು ಹೊಸ ಬಾಟ್ಲಿ ಮನೆಗೇ ಬರುತ್ತದೆ, ಅಭಿಪ್ರಾಯ ಹೇಳಿದ್ದಕ್ಕೆ ದುಡ್ಡು ಬರುತ್ತದೆ.

"ಆರು ತಿಂಗಳು ಅದೇ ಮನೆಯಲ್ಲಿರಬೇಕು, ಅದೊಂದು ಕಂಡೀಷನ್. ನೀವು ಎಲ್ಲಿಗೂ ಹೋಗುವವರಲ್ಲ ಅಲ್ವಾ?"

"ಅಲ್ಲ" ಎಂದೆ.

ಅವಳು ನನ್ನ ಕುತ್ತಿಗೆ ನೋಡಿದಳು. "ಕರಿಮಣಿ ಇಲ್ಲದಿದ್ದರೆ ಅವತ್ತು ಶಾಲು ಸುತ್ತಿಕೊಳ್ಳಿ. ಕೇಳಿದರೆ ನೆಗಡಿ ಅನ್ನಿ."

ಮನೆಗೆ ಮರಳಲು ಕಾಪುವಿನ ಬಸ್ಸಿನಲ್ಲಿ ಕೂತ ಮೇಲೆ, 'ಅಲ್ಲ' ಎಂದು ಯಾವ ಧೈರ್ಯದಿಂದ ಹೇಳಿದೆ ಎಂದು ಯೋಚಿಸಿದೆ. ಅದೇ ಆದಿತ್ಯವಾರ ನನ್ನನ್ನು ಕರೆದುಕೊಂಡು ಹೋಗಲು ಕಾರ್ಕಳದಿಂದ ಅಣ್ಣ ಬರುವವನಿದ್ದ.

ನಮ್ಮವರದ್ದು ಅಳಿಯಕಟ್ಟು. ವಂಶ, ಆಸ್ತಿ ಎರಡೂ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ. ಹೆಣ್ಣು ಎಲ್ಲಿಗೆ ಮದುವೆಯಾಗಿ ಹೋದರೂ ತಾಯಿಮನೆಯವಳೇ. ಗಂಡ ತೀರಿಕೊಂಡರೆ ಅವನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ಅವಳನ್ನು ತಾಯಿಮನೆಗೆ ಕರೆತರುವುದು ಹಿಂದಿನ ರೂಢಿ. ನನ್ನ ಅಜ್ಜಿ ಹಾಗೆಯೇ ಬಂದದ್ದು. ಅದನ್ನು ಹೇಳುವಾಗ ನಮ್ಮವರ ದನಿಯಲ್ಲಿ ಹೆಮ್ಮೆಯಿರುತ್ತದೆ. ಬೇರೆಯವರು ವಿಧವೆಯನ್ನು ಮೂಲೆಗೆ ಕೂರಿಸುತ್ತಾರೆ, ನಾವು ಮನೆಗೆ ಕರೆತರುತ್ತೇವೆ ಎಂದು. ಅಣ್ಣ ಜಯಕರನೂ ಫೋನಿನಲ್ಲಿ ಹಾಗೆಯೇ ಹೇಳಿದ. ಅವನ ಮಗಳಂದಿರ ಕೋಣೆಯಲ್ಲಿ ನನಗೊಂದು ಮಂಚ ಹಾಕಿಸಿದ್ದನಂತೆ. ಅವನು ಅದನ್ನು ಪ್ರೀತಿಯಿಂದಲೇ ಹಾಕಿಸಿದ್ದು. ನನ್ನನ್ನು ಕೇಳಿರಲಿಲ್ಲ, ಅಷ್ಟೆ.

ಮಾವ ಮುದ್ದಣ್ಣ ಅದಕ್ಕೆ ಒಪ್ಪಿದ್ದರು. ಮಾಳಿಗೆಯನ್ನು ಬಾಡಿಗೆಗೆ ಕೊಡುವ ಮಾತೂ ಆಗಿತ್ತು. ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಬಂದು ನೋಡಿ ಹೋದರು. ನಾನು ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದೆ. ಆ ಹೆಂಗಸು ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡಿದಳು. "ಟೈಲ್ಸ್ ಚಂದ ಉಂಟು" ಎಂದು ಮಾವನಿಗೆ ಹೇಳಿದಳು.

ಆ ಟೈಲ್ಸ್ ಆರಿಸಿದ್ದು ನಾನು. ಜಾಗ ಅತ್ತೆಯದು, ಅವರ ತಾಯಿಯಿಂದ ಬಂದದ್ದು. ಕೆಳಗಿನ ಮನೆ ಹಳೆಯದು. ಮಾಳಿಗೆ ಮಾತ್ರ ಕೀರ್ತನ್‌ನ ದುಡಿಮೆಯಲ್ಲಿ ಎದ್ದದ್ದು. ಉಡುಪಿಯ ಅಂಗಡಿಯಲ್ಲಿ ನಿಂತು ನಾನು ಟೈಲ್ಸುಗಳ ಮೇಲೆ ಫೋನು ಹಿಡಿದಿದ್ದೆ, ಅವನು ದುಬೈಯಿಂದ ನೋಡುತ್ತಿದ್ದ. ಮಾವ ಪಕ್ಕದಲ್ಲಿದ್ದರು.

"ನಮ್ಮ ಬೋರಿನ ನೀರಿಗೆ ಬಿಳಿಯಾ? ತಿಂಗಳಲ್ಲಿ ಕೆಂಪಾಗ್ತದೆ. ಕಂದು ಹಾಕಿ, ಕೊಳೆ ಕಾಣುವುದಿಲ್ಲ" ಎಂದಿದ್ದರು.

"ಕಾಣಬೇಕು ಮಾವ. ಕಂಡರಲ್ವಾ ತೊಳೆಯುವುದು" ಎಂದಿದ್ದೆ.

ಕೀರ್ತನ್ ಫೋನಿನೊಳಗೆ ನಕ್ಕಿದ್ದ. "ಬಿಳಿಯೇ ಹಾಕಿ ಅಪ್ಪಾ. ಅವಳು ಬಿಡುವವಳಲ್ಲ."

ಬಿಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ನನಗೇ ಮರೆತಿತ್ತು.

ಮಾವ ಕೆಟ್ಟವರಲ್ಲ. ಒಂದು ಸಂಜೆ ಅವರು ಅತ್ತೆಗೆ ಹೇಳುತ್ತಿದ್ದುದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. "ಮೇಲೆ ಅವಳ ಕಾಲಿನ ಸದ್ದು ಕೇಳಿದರೆ ಅವನೇ ಬಂದ ಹಾಗೆ ಆಗ್ತದೆ. ನನ್ನಿಂದ ಆಗುವುದಿಲ್ಲ." ಅಂದಿನಿಂದ ನಾನು ಮಾಳಿಗೆಯಲ್ಲಿ ಬರಿಗಾಲಲ್ಲಿ, ಗೋಡೆಯ ಬದಿಯಿಂದ, ಬೆಕ್ಕಿನ ಹಾಗೆ ನಡೆಯುತ್ತಿದ್ದೆ.

ಬಾಟ್ಲಿಗಳನ್ನು ಹೇಳಿದ ಹಾಗೆಯೇ ಬಳಸಿದೆ. ಎ ಬಾಟ್ಲಿಗೆ ಆಸ್ಪತ್ರೆಯ ವಾಸನೆ, ಬಿ ಬಾಟ್ಲಿಗೆ ನಿಂಬೆಯದು. ಸೋಪಿನ ಜಿಡ್ಡು ಎರಡರಲ್ಲೂ ಹೋಯಿತು. ನಲ್ಲಿಯ ಕೆಳಗೆ ಬೋರಿನ ನೀರು ಇಳಿದು ಇಳಿದು ತುಕ್ಕಿನ ಬಣ್ಣದ ಉದ್ದ ಕಲೆಯಾಗಿತ್ತು. ಅದು ಅಲುಗಲಿಲ್ಲ. ಎರಡನ್ನೂ ಒಟ್ಟಿಗೆ ಸುರಿದರೆ ಹೇಗೆ ಎಂದುಕೊಂಡವಳು ಕೈ ಹಿಂದೆಗೆದೆ. "ಎರಡು ಬಾಟ್ಲಿ ಬೆರೆಸಬೇಡ ಮಾರಾಯ್ತಿ" ಎಂದು ಕೀರ್ತನ್ ಸಾವಿರ ಸಲ ಹೇಳಿದ್ದ. "ಇಲ್ಲಿ ನಮ್ಮ ಹುಡುಗ ಒಬ್ಬ ಬೆರೆಸಿ, ಹೊಗೆ ಕುಡಿದು ಆಸ್ಪತ್ರೆ ಸೇರಿದ." ಗಂಡ ಹೆಂಡತಿ ಫೋನಿನಲ್ಲಿ ಇಂಥದ್ದನ್ನೇ ಹೆಚ್ಚು ಮಾತಾಡುತ್ತಿದ್ದೆವು. ಬೇರೆ ಮಾತುಗಳನ್ನು ಅವನು ಬಂದಾಗ ಆಡುವ ಎಂದು ಇಟ್ಟುಕೊಂಡಿದ್ದೆವು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೊಜ್ಜದ ದಿನದ ನಂತರ ಅವರು ಮಾಳಿಗೆ ಹತ್ತಿದ್ದು ಅದೇ ಮೊದಲು. ಸೆರಗಿನಲ್ಲಿ ಬಾವಿಕಟ್ಟೆಯ ಹತ್ತಿರದ ಮರದ ಬಿಂಬುಳಿ, ಆ ಹುಳಿಹುಳಿ ಹಸಿರು ಕಾಯಿಗಳಿದ್ದವು.

"ಅದೆಲ್ಲ ಬಣ್ಣದ ನೀರು. ಸರಿ ಆಚೆ."

ಕಾಯಿ ಸೀಳಿ, ಕಲೆಯ ಮೇಲೆ ಉಜ್ಜಿ, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ತೆಂಗಿನ ನಾರಿನಲ್ಲಿ ತಿಕ್ಕಿದರು. ಕೆಂಪು ನೀರು ಇಳಿಯಿತು. ಬಿಳಿ ಕಂಡಿತು. ಅತ್ತೆಯ ಹೆಸರು ಬೇಬಿ. ಮನೆಯಲ್ಲಿ ಹಿರಿಯರ ಕಾಲದ ಹಿತ್ತಾಳೆಯನ್ನೆಲ್ಲ ಅವರು ಬೆಳಗುವುದು ಬಿಂಬುಳಿಯಲ್ಲೇ.

"ಮಾಮಿ" ಎಂದೆ. ಅವರನ್ನು ಕರೆಯುವುದು ಹಾಗೆ. "ಆದಿತ್ಯವಾರ ಇದರದ್ದೇ ವೀಡಿಯೊ ಕಾಲ್ ಉಂಟು. ನೀವೂ ಕೂರಬೇಕಂತೆ. ಕೀರ್ತನ್ ದುಬೈಯಲ್ಲಿ ಇದ್ದಾನೆ ಎಂದು ಹೇಳಬೇಕು. ಇಲ್ಲದಿದ್ದರೆ ಅವರು ತೆಗೆದುಕೊಳ್ಳುವುದಿಲ್ಲ."

ಅವರು ಕೈ ತೊಳೆದುಕೊಂಡರು. ನಿಧಾನವಾಗಿ ಸೆರಗಿನಲ್ಲಿ ಒರೆಸಿಕೊಂಡರು.

"ಹೇಳು. ಅಷ್ಟು ಹೊತ್ತಾದರೂ ಇರಲಿ."

ಹೊರಗೆ ಬಂದವರು ಕೋಣೆಯ ನಡುವೆ ನಿಂತರು. ಅಲ್ಲಿ ಕೀರ್ತನ್‌ನ ದೊಡ್ಡ ನೀಲಿ ಸೂಟ್‌ಕೇಸಿತ್ತು. ಅಟ್ಟದಿಂದ ಅದನ್ನು ಇಳಿಸಿ, ಧೂಳು ಒರೆಸಿ, ಮಾವ ಹಿಂದಿನ ದಿನ ಅಲ್ಲಿ ತಂದಿಟ್ಟಿದ್ದರು. ಪ್ಯಾಕ್ ಮಾಡು ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಕೇಳುತ್ತಾರೆ ಎಂದುಕೊಂಡೆ. ಕೇಳದೆ ಇಳಿದು ಹೋದರು.

ಆದಿತ್ಯವಾರ ಜಯಕರಣ್ಣನ ಕಾರು ಅಂಗಳಕ್ಕೆ ಬರುವುದಕ್ಕೂ ಫೋನು ರಿಂಗಾಗುವುದಕ್ಕೂ ಸರಿಹೋಯಿತು. ಕೆಳಗೆ ಮಾವ ಅವನನ್ನು ಕೂರಿಸಿ ಶರಬತ್ತು ಕೊಡುತ್ತಿದ್ದುದು ಕೇಳಿಸುತ್ತಿತ್ತು. ನಾನು ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದೆ. ಅತ್ತೆ ಮದುವೆಮನೆಗೆ ಹೋಗುವ ಸೀರೆ ಉಟ್ಟು ನನ್ನ ಪಕ್ಕ ಕೂತಿದ್ದರು.

ಫೋನಿನಲ್ಲಿ ಕಂಡ ಹುಡುಗಿಯ ಹೆಸರು ತನ್ವಿ. ಚುರುಕು ಮಾತು, ನಗುಮುಖ. ಅವಳ ಕೆಳಗೆ ಎರಡು ಕಪ್ಪು ಚೌಕಗಳಿದ್ದವು.

"ಅವರು ಕಂಪನಿಯವರು ಮೇಡಂ, ಸುಮ್ನೆ ನೋಡ್ತಿರ್ತಾರೆ. ನೀವು ಫ್ರೀಯಾಗಿ ಮಾತಾಡಿ. ನಿಮ್ಮ ಹಸ್ಬೆಂಡ್ ಏನ್ ಮಾಡ್ತಾರೆ?"

"ದುಬೈಯಲ್ಲಿದ್ದಾರೆ."

"ಸೂಪರ್. ಊರಿಗೆ ಬಂದಾಗ ಕ್ಲೀನಿಂಗಲ್ಲಿ ಹೆಲ್ಪ್ ಮಾಡ್ತಾರಾ?"

ನಾನು ಬಾಯಿ ತೆರೆಯುವ ಮೊದಲು ಅತ್ತೆ ಮುಂದೆ ಬಗ್ಗಿದರು.

"ಮಾಡದೆ ಎಂತ! ಅಲ್ಲಿ ಅವನ ಕೆಲಸವೇ ಅದಲ್ವಾ. ಬಂದ ಮರುದಿನವೇ ಚಡ್ಡಿ ಹಾಕಿ ಬಾತ್‌ರೂಮಿಗೆ ಇಳಿಯುವುದು. ಮಗಾ, ಎರಡು ದಿನ ಮಲಗು ಅಂತ ನಾನು ಬೈಯುವುದು. ಕೇಳುವುದಿಲ್ಲ. ಅಮ್ಮಾ, ನಿನ್ನ ಬಚ್ಚಲಲ್ಲಿ ಜಾರಿದರೆ ನೇರ ಸಮುದ್ರಕ್ಕೇ ಅಂತ ನನ್ನನ್ನೇ ತಮಾಷೆ ಮಾಡುವುದು. ಅವನಿಗೆ ಎಲ್ಲ ಬಿಳಿ ಇರಬೇಕು."

ತನ್ವಿ ನಕ್ಕಳು. ಅತ್ತೆಯೂ ನಕ್ಕರು. ಅವರ ನಗು ಹಾಗಿರುತ್ತದೆ ಎಂದು ನನಗೆ ಮರೆತುಹೋಗಿತ್ತು. ನಾನು ತಡೆಯಲಿಲ್ಲ. ವಾಸನೆ, ನೊರೆ, ಬಾಟ್ಲಿಯ ಮುಚ್ಚಳ, ಎಲ್ಲದರ ಬಗ್ಗೆ ನಾನು ಹೇಳಿದೆ. ನಡುನಡುವೆ ಅತ್ತೆ ಮಗನ ಮಾತು ತಂದರು. ಬರುತ್ತಾನೆ, ತರುತ್ತಾನೆ, ಹೇಳುತ್ತಾನೆ. ಎಲ್ಲವೂ ಇಂದು ನಾಳೆಯ ಮಾತುಗಳು.

"ಈಗ ಬಾತ್‌ರೂಮ್ ತೋರಿಸ್ತೀರಾ ಮೇಡಂ?"

ಫೋನು ಹಿಡಿದು ಎದ್ದೆ. ಬಾತ್‌ರೂಮಿಗೆ ಹೋಗಬೇಕಾದರೆ ಕೋಣೆ ದಾಟಬೇಕು.

"ಅರೆ, ಎಷ್ಟು ದೊಡ್ಡ ಸೂಟ್‌ಕೇಸು!" ಎಂದಳು ತನ್ವಿ. "ಹಸ್ಬೆಂಡ್ ಬಂದಿದ್ದಾರಾ?"

ಮೆಟ್ಟಿಲ ಮೇಲೆ ಹೆಜ್ಜೆಗಳು ಬಂದವು. ಜಯಕರಣ್ಣ ಬಾಗಿಲಲ್ಲಿ ನಿಂತ. ಅವನ ಹಿಂದೆ ಮಾವ.

"ವಿಜೀ, ಇನ್ನೂ ಖಾಲಿ ಉಂಟಲ್ಲ ಇದು? ಬೇಗ ತುಂಬಿಸು ಮಾರಾಯ್ತಿ. ಊಟ ಮಾಡಿ ಹೊರಡುವ. ಮಂಚ, ಹಾಸಿಗೆ ಎಲ್ಲ ರೆಡಿ ಉಂಟು ಅಲ್ಲಿ."

ತನ್ವಿಯ ನಗು ನಿಂತಿತು. "ಮೇಡಂ, ನೀವು ಮನೆ ಬದಲಾಯಿಸ್ತಿದ್ದೀರಾ? ಇದು ನಾನು ಕೇಳಲೇಬೇಕಾದ ಪ್ರಶ್ನೆ. ಮುಂದಿನ ಆರು ತಿಂಗಳು ನೀವು ಇದೇ ವಿಳಾಸದಲ್ಲಿ ಇರ್ತೀರಾ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಕೊನೆಗೂ ಒಬ್ಬರು ಕೇಳಿದರು. ಬಚ್ಚಲು ತೊಳೆಯುವ ಬಾಟ್ಲಿಯ ಸಲುವಾಗಿ ಕೇಳಿದರು, ಆದರೂ ಕೇಳಿದರು.

"ಇಲ್ಲ, ಅವಳು ಇವತ್ತೇ ನಮ್ಮ..." ಎಂದು ಜಯಕರಣ್ಣ ಶುರುಮಾಡಿದ.

"ಅಣ್ಣ, ಪ್ರಶ್ನೆ ನನಗೆ."



"ಇರುತ್ತೇನೆ" ಎಂದೆ. "ಆರು ತಿಂಗಳು ಮಾತ್ರ ಅಲ್ಲ. ಆಮೇಲೂ ಇಲ್ಲೇ ಇರುತ್ತೇನೆ."

ಹೇಳಿದ ಮೇಲೆ ಆ ಉತ್ತರವನ್ನು ಎಲ್ಲಿಟ್ಟಿದ್ದೇನೆ ಎಂದು ಕಂಡಿತು. ಅದರ ಪಕ್ಕದಲ್ಲೇ ದುಬೈಯ ಸುಳ್ಳು ಇತ್ತು. ಒಂದು ಸುಳ್ಳು ಸಿಕ್ಕಿದರೆ ಎಲ್ಲ ಉತ್ತರಗಳನ್ನೂ ಬದಿಗಿಡಬೇಕು. ಈ ಒಂದು ಉತ್ತರವನ್ನು ಯಾರೂ ಬದಿಗಿಡಬಾರದಿತ್ತು.

ಅತ್ತೆಯನ್ನು ನೋಡಿದೆ. ನಾನು ಏನು ಮಾಡಲಿದ್ದೇನೆ ಎಂದು ಅವರಿಗೆ ಗೊತ್ತಾಯಿತು. ಎದ್ದು ಬಂದರು. ನನ್ನ ಕುತ್ತಿಗೆಯಿಂದ ಶಾಲು ಬಿಡಿಸಿ, ಅದನ್ನು ಮಡಚುತ್ತಾ ನಿಂತರು.

"ತನ್ವಿಯವರೇ, ನನ್ನ ಗಂಡ ದುಬೈಯಲ್ಲಿಲ್ಲ. ತೀರಿಕೊಂಡಿದ್ದಾರೆ. ನಾನು ವಿಧವೆ. ಈ ಮಾಳಿಗೆ ಕಟ್ಟಿಸಿದ್ದು ನಾವಿಬ್ಬರು. ಟೈಲ್ಸ್ ಆರಿಸಿದ್ದು ನಾನು. ತೊಳೆಯುವುದು ನಾನು. ಯಾವ ಬಾಟ್ಲಿ ತರಬೇಕು ಎಂದು ತೀರ್ಮಾನಿಸುವುದೂ ನಾನೇ. ಬರೆದುಕೊಳ್ಳಿ."

ತನ್ವಿ ಕಪ್ಪು ಚೌಕಗಳ ಕಡೆ ಕಣ್ಣು ಹಾಯಿಸಿದಳು. ಚಿಕ್ಕ ಹುಡುಗಿ. "ಸಾರಿ ಮೇಡಂ. ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಆದ್ರೆ... ನಮ್ಮ ಕೋಟಾದಲ್ಲಿ ಮದುವೆಯಾದವರು ಮಾತ್ರ..."

"ವಿಧವೆಯರ ಬಾತ್‌ರೂಮಿಗೂ ಕಲೆ ಬೀಳುತ್ತದೆ. ನಿಮ್ಮ ಎರಡು ಬಾಟ್ಲಿಗೂ ಅದು ಹೋಗುವುದಿಲ್ಲ. ಅದನ್ನೂ ಬರೆದುಕೊಳ್ಳಿ."

ಆಗ ಕಪ್ಪು ಚೌಕವೊಂದು ಮಾತಾಡಿತು. ಗಂಡಸಿನ ದನಿ. "ಒಂದು ನಿಮಿಷ. ಬೋರ್‌ವೆಲ್ ನೀರು ಅಂತ ಫಾರ್ಮಲ್ಲಿದೆ. ನಲ್ಲಿ ಕೆಳಗೆ ಕಲೆಯೇ ಕಾಣ್ತಿಲ್ಲವಲ್ಲ, ಹೇಗೆ ಹೋಯ್ತು?"

ನನಗೆ ಗೊತ್ತಿಲ್ಲದೆಯೇ ಫೋನು ಬಾತ್‌ರೂಮಿನ ಬಾಗಿಲ ಕಡೆ ತಿರುಗಿತ್ತು. ಅತ್ತೆ ಫೋನಿಗೆ ಮುಖ ಕೊಟ್ಟರು.

"ಅದು ನಮಗೆ ಗೊತ್ತುಂಟು. ನಿಮಗೆ ಬೇಕಾದರೆ ಮೊದಲು ಇವಳನ್ನು ಸೇರಿಸಿಕೊಳ್ಳಿ, ಆಮೇಲೆ ಹೇಳುವ."

ಕಾಲ್ ಕಟ್ಟಾಯಿತು. ಅವರು ಮಾಡಿದರೋ ನನ್ನ ಬೆರಳು ತಾಗಿತೋ ಗೊತ್ತಿಲ್ಲ.

"ಎಂತ ಇದು ವಿಜೀ?" ಜಯಕರಣ್ಣ ಕೋಣೆಯೊಳಗೆ ಬಂದ. "ಯಾರ್ಯಾರದೋ ಎದುರು ಹೀಗೆಲ್ಲ ಹೇಳುವುದಾ? ಊರಿಗೆ ಗೊತ್ತಾದರೆ?"

"ಊರಿಗೆ ಗೊತ್ತುಂಟು ಅಣ್ಣ. ಬೊಜ್ಜಕ್ಕೆ ಊರೇ ಬಂದಿತ್ತು."

"ನೀನು ಅನಾಥೆ ಅಂತ ನಾನು ಕರೆದುಕೊಂಡು ಹೋಗಲು ಬಂದದ್ದಾ? ನಮ್ಮ ಕಟ್ಟಿನಲ್ಲಿ ಹೆಣ್ಣು ತಾಯಿಮನೆಯವಳು. ಅದು ನಿನ್ನ ಹಕ್ಕು."

"ಹಕ್ಕು ಅಂದರೆ ನಾನು ಬೇಕಾದಾಗ ಬರುವುದು. ನೀವು ಬೇಕಾದಾಗ ಕೊಂಡುಹೋಗುವುದಲ್ಲ. ಆ ಮಂಚ ಅಲ್ಲೇ ಇರಲಿ. ದೀಪಾವಳಿಗೆ ಬಂದು ಮಲಗುತ್ತೇನೆ."

ಅವನು ಮಾವನ ಕಡೆ ನೋಡಿದ. ಮಾವ ಗಂಟಲು ಸರಿಮಾಡಿಕೊಂಡರು. ನನ್ನನ್ನು ನೋಡದೆ ಅತ್ತೆಗೆ ಹೇಳಿದರು.

"ಜಯಕರ ಹೇಳುವುದು ಸರಿ ಉಂಟು ಬೇಬಿ. ಕಟ್ಟು ಅಂತ ಒಂದು ಉಂಟಲ್ಲ. ಮಣಿಪಾಲದವರಿಗೆ ಮಾತು ಬೇರೆ ಕೊಟ್ಟಾಯ್ತು."

"ಕೊಟ್ಟದ್ದು ಯಾರು?"

"ನಾನು."

"ಜಾಗ ಯಾರದ್ದು?"

ಮಾವ ಸೂಟ್‌ಕೇಸಿನ ಕಡೆ ಕಣ್ಣು ತಿರುಗಿಸಿದರು.

"ಕಟ್ಟು ಕಟ್ಟು ಅಂತೀರಲ್ಲ. ಕಟ್ಟಿನ ಪ್ರಕಾರ ಇದು ನನ್ನ ತಾಯಿಮನೆ. ನೀವು ಮುಲ್ಕಿಯಿಂದ ಬಂದವರು. ಮದುವೆಯಾದಂದಿನಿಂದ ಇಲ್ಲೇ ಉಂಡು ಇಲ್ಲೇ ಮಲಗಿದ್ದೀರಿ, ನಾನು ಒಂದು ದಿನ ಕೇಳಿದ್ದುಂಟಾ? ಕಟ್ಟು ಅಂತಾದರೆ ನೀವೂ ಹೊರಡಿ ನಿಮ್ಮ ತಾಯಿಮನೆಗೆ. ಸೂಟ್‌ಕೇಸು ಇಲ್ಲೇ ಉಂಟು. ನೀವೇ ಧೂಳು ಒರೆಸಿ ಇಟ್ಟದ್ದು."

ಜಯಕರಣ್ಣನಿಗೆ ನಗು ಬಂತು. ತಡೆದುಕೊಳ್ಳಲು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದ.

ಮಾವ ಸೂಟ್‌ಕೇಸಿನ ಮೇಲೆಯೇ ಕೂತರು. "ಮುಲ್ಕಿಯಲ್ಲಿ ಯಾರು ಇದ್ದಾರೆ ಮಾರಾಯ್ತಿ ನನಗೆ" ಎಂದರು. ಆಮೇಲೆ ಬೇರೆಯೇ ದನಿಯಲ್ಲಿ, "ಮೇಲೆ ಸದ್ದು ಕೇಳಿದರೆ ನನಗೆ ಅವನು ಬಂದ ಹಾಗೆ ಆಗ್ತದೆ, ಬೇಬಿ."

"ನನಗೂ ಆಗ್ತದೆ" ಎಂದರು ಅತ್ತೆ. "ಆಗಲಿ."

ಮಡಚಿದ ಶಾಲನ್ನು ನನ್ನ ಕೈಗೆ ಕೊಟ್ಟು ಅವರು ಇಳಿದು ಹೋದರು. ಬಂಗುಡೆ ಮೀನಿನ ಸಾರು ಒಲೆಯ ಮೇಲಿತ್ತು.

ಊಟ ಮುಗಿಯಿತು. ಜಯಕರಣ್ಣ ಹೊರಡುವಾಗ ಅತ್ತೆ ಅವನ ಹೆಂಡತಿಗೆಂದು ಒಂದು ಚೀಲ ಬಿಂಬುಳಿ ಕೊಟ್ಟರು. ಹೇಗೆ ತಿಕ್ಕಬೇಕೆಂದೂ ಹೇಳಿದರು. ಕಾರಿಗೆ ಹತ್ತುವ ಮೊದಲು ಅವನು ನನ್ನ ಹತ್ತಿರ ಬಂದ.

"ಮಂಚ ತೆಗೆಯುವುದಿಲ್ಲ" ಎಂದ.

"ತೆಗೆಯಬೇಡ" ಎಂದೆ.

ಸಂಜೆ ಮೆಲಿಷಾ ಫೋನ್ ಮಾಡಿದಳು. "ಎಂತ ಮೇಡಂ ಮಾಡಿಹಾಕಿದಿರಿ? ನೆಗಡಿ ಅಂದರೆ ಸಾಕಿತ್ತಲ್ವಾ? ನನ್ನ ಹೆಸರು ಹಾಳಾಯಿತು. ಇನ್ನು ಆ ಕಂಪನಿಯವರು ನಿಮ್ಮನ್ನು ಕರೆಯುವುದಿಲ್ಲ."

"ನಿಮಗೆ ತೊಂದರೆಯಾದದ್ದಕ್ಕೆ ಬೇಸರ ಉಂಟು. ಹೇಳಿದ್ದಕ್ಕೆ ಇಲ್ಲ. ಇನ್ನು ಯಾರಿಗಾದರೂ ನನ್ನ ಹೆಸರು ಕೊಡುವುದಾದರೆ ವಿಧವೆ ಎಂದು ಮೊದಲೇ ಹೇಳಿ ಕೊಡಿ."

ಅತ್ತ ಕಡೆ ಹಾಳೆ ಮಗುಚುವ ಸದ್ದಾಯಿತು. ಕೆಲಸ ಗೊತ್ತಿದ್ದ ಹೆಂಗಸು ಅವಳು. "ಹಾಗಾದರೆ ಒಂದು ಇನ್ಶೂರೆನ್ಸ್‌ನವರ ಸರ್ವೆ ಉಂಟು" ಎಂದಳು. "ಅವರಿಗೆ ವಿಧವೆಯರೇ ಬೇಕಂತೆ. ಹಾಕಲಾ?"

"ಬೇಡ. ನನಗೆ ಬಾತ್‌ರೂಮಿನದ್ದೇ ಬೇಕು."

"ದೇವರೇ" ಎಂದು ಅವಳು ಫೋನಿಟ್ಟಳು.

ಮಂಚದ ಮೇಲೆ ಕೂತು ಸಮೀಕ್ಷೆಗಳ ಆ್ಯಪ್ ತೆರೆದೆ. ಬಟ್ಟೆ ಒಗೆಯುವ ಪುಡಿಯ ಬಗ್ಗೆ ಹೊಸದೊಂದು ಬಂದಿತ್ತು. ವೈವಾಹಿಕ ಸ್ಥಿತಿ: ವಿಧವೆ. ಚಕ್ರ ತಿರುಗಿತು. ಕ್ಷಮಿಸಿ ಎಂದಿತು. ಅದರ ಕೆಳಗೆ ಗಾಜು ಒರೆಸುವುದರ ಬಗ್ಗೆ ಇನ್ನೊಂದಿತ್ತು. ಅದರಲ್ಲೂ ಅದನ್ನೇ ಒತ್ತಿದೆ. ಅದೂ ಕ್ಷಮೆ ಕೇಳಿತು. ಕೇಳಲಿ. ಅವರು ಕೇಳುವಷ್ಟು ಸಲ ನಾನೂ ಹೇಳುತ್ತೇನೆ.

ಫೋನು ಕೆಳಗಿಟ್ಟು ಎದ್ದೆ. ಸೂಟ್‌ಕೇಸು ಕೋಣೆಯ ನಡುವೆಯೇ ಇತ್ತು. ಅದನ್ನು ಗೋಡೆಯವರೆಗೆ ಉರುಳಿಸಿದೆ. ಚಕ್ರಗಳು ನೆಲದ ಮೇಲೆ ದೊಡ್ಡ ಸದ್ದು ಮಾಡಿದವು. ಕೆಳಗೆ ಟಿವಿಯ ದನಿ ತಗ್ಗಿತು. ಮಾವ ಕೇಳಿಸಿಕೊಳ್ಳುತ್ತಿದ್ದರು.

ಚಪ್ಪಲಿ ಹಾಕಿಕೊಂಡೆ. ಬಾತ್‌ರೂಮಿಗೆ ಕೋಣೆಯ ನಡುವಿನಿಂದಲೇ ನಡೆದೆ. ಹೆಜ್ಜೆ ಹಗುರ ಮಾಡಲಿಲ್ಲ.